ಕಾಳು ಒಂದು ಕಮ್ಮಿ ಇದೆ: ಹವ್ಯಾಸದ ಗೇಮ್ ಮತ್ತು ಕೋಡಿನ ಜೋಡಣೆ

ಆಫೀಸ್ ಕೆಲಸ ಮುಗಿಸಿ ಭಾನುವಾರ ಗೇಮ್ ಬರೆಯೋಕೆ ಕೂತವರಿಗಾಗಿ ಇವತ್ತಿನ ಮಾತು.

ನಾನಿರೋದು ಪುಣೆಯಲ್ಲಿ, ಅಮ್ಮ ಹಾಸನದಲ್ಲಿ. ಅವರ ಟ್ಯಾಬ್‌ಗೆ ಅಂತ ಅಳಗುಳಿ ಮಣೆ ಬರೆಯೋಕೆ ಹೊರಟೆ. 14 ಗುಳಿ, ಗುಳಿಗೆ 4 ಕಾಳು, ಒಟ್ಟು 56. ಇದಕ್ಕಿಂತ ಸುಲಭದ ಗೇಮ್ ಇದೆಯಾ ಅಂದ್ಕೊಂಡೆ.

ಮೊದಲ ಸಲ ಆಫೀಸಿನ ಚಾಳಿ ಬಿಡಲಿಲ್ಲ. ಈವೆಂಟ್ ಬಸ್, ಎಂಟಿಟಿ ಕಾಂಪೊನೆಂಟ್ ಸಿಸ್ಟಮ್, ಪ್ಲಗಿನ್ ಎಲ್ಲಾ ಹಾಕಿದೆ. ಮೂರು ತಿಂಗಳ ಭಾನುವಾರಗಳು ಹೋದವು, ಪರದೆ ಮೇಲೆ ಒಂದು ಕಾಳೂ ಅಲ್ಲಾಡಲಿಲ್ಲ.

ಬೇಸತ್ತು ಎರಡನೇ ಸಲ ಎಲ್ಲವನ್ನೂ ಒಂದೇ ಫೈಲಿಗೆ ಸುರಿದೆ. ಎರಡೇ ವಾರದಲ್ಲಿ ಗೇಮ್ ಓಡಿತು. ಅಮ್ಮನಿಗೆ ಕಳಿಸಿದೆ. ಅವತ್ತು ರಾತ್ರಿ ಫೋನ್: "ಕಾಳು ಒಂದು ಕಮ್ಮಿ ಇದೆ ಕಣೋ. ನಿನ್ನ ಕಂಪ್ಯೂಟರ್ ಮೋಸ ಮಾಡುತ್ತೆ."

ಎಣಿಸಿ ನೋಡಿದೆ, 55! ಆಗಿದ್ದಿಷ್ಟೇ: ಕಾಳು ಗುಳಿಯಿಂದ ಹೊರಟಾಗ ಲೆಕ್ಕದಿಂದ ಒಂದು ಕಳೀತಿದ್ದೆ, ಅನಿಮೇಷನ್ ಮುಗಿದು ಇನ್ನೊಂದು ಗುಳಿಗೆ ಬಿದ್ದಾಗ ಕೂಡ್ತಿದ್ದೆ. ಅಮ್ಮ ಅವಸರದಲ್ಲಿ ನಡುವೆ ಇನ್ನೊಂದು ಗುಳಿ ಮುಟ್ಟಿದರೆ ಅನಿಮೇಷನ್ ರದ್ದು. ಗಾಳಿಯಲ್ಲಿದ್ದ ಕಾಳು ಗಾಳಿಯಲ್ಲೇ ಹೋಯ್ತು. ಆಟದ ಸತ್ಯವನ್ನು ಚಿತ್ರದ ಕೈಗೆ ಕೊಟ್ಟಿದ್ದೇ ನನ್ನ ತಪ್ಪು.

ಮೂರನೇ ಸಲ ಒಂದೇ ಒಂದು ಗೆರೆ ಎಳೆದೆ. ಈ ಕಡೆ ನಿಯಮ, ಆ ಕಡೆ ಪರದೆ. ಸ್ಥಿತಿ ಅಂದ್ರೆ 14 ಗುಳಿಯ ಸಂಖ್ಯೆ, ಇಬ್ಬರ ಗಳಿಕೆ, ಯಾರ ಸರದಿ, ಅಷ್ಟೇ. ಒಂದು ಫಂಕ್ಷನ್‌ಗೆ ಸ್ಥಿತಿಯನ್ನೂ ಮುಟ್ಟಿದ ಗುಳಿಯನ್ನೂ ಕೊಟ್ಟರೆ, ಅದು ಹೊಸ ಸ್ಥಿತಿಯನ್ನೂ ನಡೆದ ಹೆಜ್ಜೆಗಳ ಪಟ್ಟಿಯನ್ನೂ ತಕ್ಷಣ ವಾಪಸ್ ಕೊಡುತ್ತೆ. ಪರದೆ ಆ ಪಟ್ಟಿಯನ್ನು ನಿಧಾನಕ್ಕೆ ಆಡಿ ತೋರಿಸುತ್ತೆ. ಅನಿಮೇಷನ್ ಅರ್ಧಕ್ಕೆ ನಿಂತರೂ ಲೆಕ್ಕ ತಪ್ಪಲ್ಲ.

ಈ ಗೆರೆಯಿಂದ ಬೇರೆ ಲಾಭಗಳೂ ಬಂದವು. ಅನ್‌ಡೂ ಬೇಕಾ? ಹಳೇ ಸ್ಥಿತಿ ಎತ್ತಿಡಿ. ಕಂಪ್ಯೂಟರ್ ಎದುರಾಳಿ ಬೇಕಾ? ತನ್ನ 7 ಗುಳಿಯನ್ನೂ ಸ್ಥಿತಿಯ ನಕಲಿನ ಮೇಲೆ ಆಡಿ ನೋಡಲಿ. ಟೆಸ್ಟ್ ಬೇಕಾ? ಪರದೆಯೇ ಇಲ್ಲದೆ ಸಾವಿರಾರು ಆಟ ಆಡಿಸಿ, ಪ್ರತಿ ನಡೆಯ ನಂತರ ಗುಳಿ ಮತ್ತು ಗಳಿಕೆ ಸೇರಿ 56 ಇದೆಯಾ ನೋಡಿ.

ಹಾಗಂತ ಎಲ್ಲವನ್ನೂ ಒಪ್ಪ ಮಾಡ್ತಾ ಕೂರಬೇಡಿ. ಟೆರಿ ಕವನಾ 2010ರಲ್ಲಿ ತಂದ 'ವಿವಿವಿವಿವಿವಿ' ಗೇಮಿನ ಸೋರ್ಸ್ ಕೋಡ್ 2020ರಲ್ಲಿ ಹೊರಬಂತು. ಒಳಗೆ ನೂರಾರು ಕೇಸ್ ಇರೋ ಒಂದೇ ದೈತ್ಯ ಸ್ವಿಚ್ ಸ್ಟೇಟ್‌ಮೆಂಟ್! ಆದ್ರೂ ಜನ ಪ್ರೀತಿಯಿಂದ ಆಡಿದ ಗೇಮ್ ಅದು. ನನ್ನ ಮೆನು, ಸೌಂಡ್ ಕೋಡ್ ಈಗಲೂ ಗಲೀಜೇ. ಅಲ್ಲಿ ನೋವಿಲ್ಲ, ಹಾಗಾಗಿ ಮುಟ್ಟಿಲ್ಲ.

ಕಳೆದ ತಿಂಗಳು ಅಮ್ಮ ಮತ್ತೆ ಫೋನ್ ಮಾಡಿದ್ರು: "ಗುಳಿಯಲ್ಲಿ 4 ಕಾಳು ತುಂಬಿದ್ರೆ ಎತ್ಕೋಬೇಕು, ನಮ್ಮನೇಲಿ ಹಾಗೇ ಆಡ್ತಿದ್ದಿದ್ದು." ನಿಯಮದ ಫೈಲ್ ಒಂದನ್ನೇ ತೆರೆದೆ. ಕುಕ್ಕರ್ ಮೂರು ಸೀಟಿ ಹೊಡೆಯೋದ್ರೊಳಗೆ ಮುಗೀತು.

ನಿಮ್ಮ ಗೇಮನ್ನೂ ಒಮ್ಮೆ ಪರದೆ ತೆಗೆದು ಬರೀ ಟರ್ಮಿನಲ್‌ನಲ್ಲಿ ಓಡಿಸೋಕೆ ನೋಡಿ. ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೋ, ಗೆರೆ ಎಳೀಬೇಕಾದ ಜಾಗ ಅದೇ.