ಹಿಂಗಾಲಿಯ ಬಿರಿ



ಕನ್ನಡ ಪಾಠ ಹೇಳಿಕೊಂಡು ಬಾಳಿದವನಿಗೂ ಮೋಟಾರು ವಾಹನದ ಬ್ರೇಕಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಮಾತಿನಿಂದಲೇ ಆರಂಭವಾಗುತ್ತದೆ. ಬ್ರೇಕಿಗೆ ನಮ್ಮ ನಿಘಂಟುಗಳು 'ಬಿರಿ' ಎಂಬ ಪದವನ್ನು ಕೊಡುತ್ತವೆ. ಎರಡೇ ಅಕ್ಷರದ, ಅಚ್ಚುಕಟ್ಟಾದ ಪದ. ಆದರೆ ರಾಜಾಜಿನಗರದ ಗ್ಯಾರೇಜೊಂದಕ್ಕೆ ಹೋಗಿ 'ಬಿರಿ ಸವೆದಿದೆ' ಎಂದರೆ ಯಾರಿಗೂ ತಿಳಿಯಲಾರದು. 'ಲೈನರ್ ಹೋಗಿದೆ' ಎಂದರೆ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನೂ ತಲೆದೂಗುತ್ತಾನೆ. ಪದ ನಿಘಂಟಿನಲ್ಲಿ ಉಳಿಯಿತು. ವಸ್ತು ಬೀದಿಯಲ್ಲಿ ಓಡಾಡಿತು. ಆ ವಸ್ತುವನ್ನು ಕುರಿತು, ಅದರಲ್ಲಿಯೂ ಹಳೆಯ ವಾಹನದ ಹಿಂಗಾಲಿಯ ಬ್ರೇಕನ್ನು ಮನೆಯಲ್ಲಿಯೇ ಬದಲಿಸಿಕೊಳ್ಳುವ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಳೆಯ ವಾಹನವೆಂದರೆ ನಮ್ಮ ನಾಡಿನಲ್ಲಿ ಮೊದಲು ನೆನಪಿಗೆ ಬರುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಅಲ್ಲಿ ಜಾವಾ ಮೋಟಾರ್ ಸೈಕಲ್ಲುಗಳ ತಯಾರಿಕೆ ಮೊದಲಾಯಿತು. ಮುಂದೆ ಅವೇ ಯೆಜ್ಡಿ ಎಂಬ ಹೆಸರನ್ನು ತಳೆದುವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಅದರ ಮಕ್ಕಳು ಸಾಯಲಿಲ್ಲ. ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಡೆ ಇಂದಿಗೂ ಭಾನುವಾರದ ಬೆಳಗ್ಗೆ ಆ ಎರಡು ಹೊಗೆಕೊಳವೆಗಳ ಪರಿಚಿತವಾದ ಸದ್ದು ಕೇಳಿಸುವುದುಂಟು. ತಂದೆ ಕೊಂಡದ್ದನ್ನು ಮಗ ಓಡಿಸುತ್ತಿರುವ ಮನೆಗಳಿವೆ. ಹೆತ್ತ ಕಾರ್ಖಾನೆಯೇ ಇಲ್ಲವಾದ ಮೇಲೆ ಅಂಥ ಬಂಡಿಯ ಆರೈಕೆ ಒಡೆಯನ ಪಾಲಿಗೆ ಬರುವುದು ಸಹಜವಷ್ಟೆ.

ಡ್ರಮ್ ಬ್ರೇಕಿನ ತತ್ವ ಸರಳವಾದುದು. ಗಾಲಿಯ ನಡುವಿನ ಹಬ್ಬಿನೊಳಗೆ ಟೊಳ್ಳಾದ ಒಂದು ಉರುಟು ಪಾತ್ರೆ, ಅದೇ ಡ್ರಮ್ಮು. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಅವುಗಳ ಬೆನ್ನಿಗೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಲೈನರ್. ಪೆಡಲನ್ನು ಒತ್ತಿದಾಗ ಕ್ಯಾಮ್ ಎಂಬ ಸಣ್ಣ ತುಂಡು ತಿರುಗಿ ಶೂಗಳನ್ನು ಅಗಲಿಸುತ್ತದೆ. ಲೈನರ್ ಡ್ರಮ್ಮನ್ನು ಒಳಗಿನಿಂದ ಉಜ್ಜುತ್ತದೆ. ಓಟವು ಕಾವಾಗಿ ಮಾರ್ಪಡುತ್ತದೆ. ಪೆಡಲನ್ನು ಬಿಟ್ಟೊಡನೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಸೆಳೆಯುತ್ತವೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುವ ಬಂಡಿಗಿಂತ 60 ಕಿಲೋಮೀಟರಿನಲ್ಲಿ ಹೋಗುವ ಬಂಡಿಯನ್ನು ನಿಲ್ಲಿಸಲು ಬ್ರೇಕು ಎರಡರಷ್ಟಲ್ಲ, ನಾಲ್ಕರಷ್ಟು ಕಾವನ್ನು ನುಂಗಬೇಕು. ಯೆಜ್ಡಿಯಂಥ ಎರಡು ಹೊಡೆತದ ಎಂಜಿನ್ನು, ಆಕ್ಸಿಲರೇಟರನ್ನು ಬಿಟ್ಟಾಗ ಬಂಡಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅದರಿಂದಲೂ ಬ್ರೇಕಿನ ಹೊಣೆ ಹೆಚ್ಚು.

ಲೈನರ್ ಸವೆದುದನ್ನು ತಿಳಿಯುವುದು ಹೇಗೆ? ಪೆಡಲು ದಿನದಿನಕ್ಕೆ ಆಳಕ್ಕೆ ಇಳಿಯುತ್ತದೆ. ಬಿಗಿ ಮಾಡುವ ನಟ್ಟು ತನ್ನ ಮರೆಯ ಕೊನೆಯನ್ನು ಮುಟ್ಟುತ್ತದೆ. ಕಡೆಗೆ ಲೋಹಕ್ಕೆ ಲೋಹ ತಾಗಿ ಕರಕರ ಸದ್ದು ಹೊರಡುತ್ತದೆ. ಸದ್ದು ಬರುವ ತನಕ ಕಾಯಬಾರದು. ಆ ವೇಳೆಗೆ ಡ್ರಮ್ಮಿಗೂ ಗೀರು ಬಿದ್ದಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಟ್ಟು ಮುಗಿದಾಗ ಕೆಲವರು ಬ್ರೇಕಿನ ತೋಳನ್ನೇ ಕಳಚಿ ಒಂದು ಹಲ್ಲು ತಿರುಗಿಸಿ ಮತ್ತೆ ಕೂರಿಸುತ್ತಾರೆ. ಪೆಡಲು ಮೇಲೆದ್ದು ಬ್ರೇಕು ಸರಿಹೋದಂತೆ ತೋರುತ್ತದೆ. ಆದರೆ ಸವೆತ ಮರೆಯಾಯಿತೇ ಹೊರತು ಮಾಯವಾಗಲಿಲ್ಲ. ಕ್ಯಾಮು ತಿರುಗಬೇಕಾದುದಕ್ಕಿಂತ ಹೆಚ್ಚು ತಿರುಗಿ ಅಡ್ಡವಾಗಿ ಸಿಕ್ಕಿಕೊಂಡರೆ ಓಡುತ್ತಿರುವ ಗಾಲಿ ಅಲ್ಲಿಯೇ ಬಿಗಿದುಕೊಳ್ಳಬಹುದು.

ಇನ್ನು ಕೆಲಸದ ಕ್ರಮ. ನಮ್ಮ ಬಡಾವಣೆಗಳಲ್ಲಿ ಮನೆಯ ಗೇಟಿನ ಮುಂದೆ ಮೋರಿಯ ಮೇಲೆ ಇಳಿಜಾರಾಗಿ ಚಪ್ಪಡಿ ಹಾಕಿರುತ್ತಾರೆ. ಅದರ ಮೇಲೆ ಈ ಕೆಲಸ ಸಲ್ಲದು; ಸಮತಟ್ಟಾದ ನೆಲವೇ ಬೇಕು. ಬೈಕನ್ನು ನಡುಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ಬ್ರೇಕಿನ ಜೋಡಣೆಯನ್ನೂ ಬ್ರೇಕ್ ತಟ್ಟೆ ತಿರುಗದಂತೆ ಹಿಡಿದಿರುವ ಕಟ್ಟನ್ನೂ ಬಿಡಿಸಿ, ಆಕ್ಸಲನ್ನು ಎಳೆದು ಗಾಲಿಯನ್ನು ತೆಗೆಯಬೇಕು. ಕಳಚಿದ ವಾಷರು, ಬುಷ್ಷುಗಳನ್ನು ಕಳಚಿದ ಕ್ರಮದಲ್ಲಿಯೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟರೆ ಜೋಡಿಸುವಾಗ ಆ ಸಾಲೇ ಗುರುವಾಗುತ್ತದೆ. ಶೂಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಕ್ಯಾಮಿಗೂ ಶೂ ತಿರುಗುವ ಗೂಟಕ್ಕೂ ತೆಳುವಾಗಿ ಗ್ರೀಸು ಸವರಬೇಕು. ಲೈನರಿಗೆ ಒಂದು ಹನಿಯೂ ತಾಗಕೂಡದು. ಸ್ಪ್ರಿಂಗು ಸಡಿಲಗೊಂಡಿದ್ದರೆ ಅದನ್ನೂ ಬದಲಿಸಬೇಕು, ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋದವರು ಶೂಗಳೊಡನೆ ಸ್ಪ್ರಿಂಗನ್ನೂ ತಂದರೆ ಎರಡನೆಯ ಸಲ ತಿರುಗುವುದು ತಪ್ಪುತ್ತದೆ.

ಕಾರಿನ ಕೆಲಸ ಇನ್ನಷ್ಟು ಜವಾಬ್ದಾರಿಯದು. ಮಾರುತಿ 800ರಂಥ ಹಳೆಯ ಕಾರಿನ ಹಿಂಗಾಲಿಗಳಲ್ಲಿಯೂ ಡ್ರಮ್ಮೇ ಇದೆ. ಆದರೆ ಅಲ್ಲಿ ಶೂಗಳನ್ನು ತಳ್ಳುವುದು ಬ್ರೇಕ್ ಆಯಿಲಿನ ಒತ್ತಡ. ಮುಂಗಾಲಿಗಳಿಗೆ ಎರಡು ಕಡೆಯೂ ಅಡೆ ಕೊಟ್ಟು, ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕಿ ಏರಿಸಬೇಕು. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಹೊರಲು ಉಕ್ಕಿನ ಸ್ಟ್ಯಾಂಡು ಬೇಕು. ಇಟ್ಟಿಗೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ; ಅದನ್ನು ನಂಬಬಾರದು. ಹ್ಯಾಂಡ್ ಬ್ರೇಕು ಹಿಂದಿನ ಡ್ರಮ್ಮನ್ನೇ ಹಿಡಿಯುವುದರಿಂದ, ಅಡೆ ಕೊಟ್ಟ ಬಳಿಕ ಅದನ್ನು ಬಿಡದೆ ಡ್ರಮ್ಮು ಕಳಚದು. ಒಂದು ಕಡೆಯದನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕುವುದು ಲೇಸು. ಸ್ಪ್ರಿಂಗು ಹೇಗಿತ್ತೆಂಬ ಸಂದೇಹ ಬಂದರೆ ಆಚೆಯ ಗಾಲಿ ಉತ್ತರ ಹೇಳುತ್ತದೆ. ಒಳಗೆ ಎಲ್ಲಿಯಾದರೂ ಆಯಿಲಿನ ತೇವ ಕಂಡರೆ ಅಲ್ಲಿಗೆ ನಿಲ್ಲಿಸಿ ನುರಿತ ಮೆಕ್ಯಾನಿಕರನ್ನು ಕರೆಯುವುದೇ ವಿವೇಕ. ತನ್ನ ಕೈ ಎಲ್ಲಿಗೆ ನಿಲ್ಲಬೇಕೆಂದು ಅರಿತಿರುವುದೂ ಕುಶಲತೆಯ ಒಂದು ಅಂಗ.

ಈಗ ಈ ಭಾಷಣದಲ್ಲಿ ನಾನು ಮುಖ್ಯವೆಂದು ತಿಳಿದಿರುವ ವಿಷಯಕ್ಕೆ ಬರುತ್ತೇನೆ. ಡ್ರಮ್ಮು ಮಳೆ ಕೆಸರುಗಳನ್ನು ಹೊರಗೆ ತಡೆಯುತ್ತದೆ; ಹಾಗೆಯೇ ಲೈನರಿನ ಪುಡಿಯನ್ನು ಒಳಗೆ ಹಿಡಿದಿಡುತ್ತದೆ. ಅದನ್ನು ತೆರೆದಾಗ ಕಾಣುವ ಬೂದುಬಣ್ಣದ ಪುಡಿ ಬರಿಯ ದೂಳಲ್ಲ. ಕಾವನ್ನು ತಾಳುತ್ತದೆಂಬ ಕಾರಣಕ್ಕಾಗಿ ದಶಕಗಳ ಕಾಲ ಲೈನರಿಗೆ ಆಸ್ಬೆಸ್ಟಾಸ್ ನಾರನ್ನು ಬೆರೆಸುತ್ತಿದ್ದರು. ಆ ನಾರಿನ ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಡನೆ ಪುಪ್ಪುಸವನ್ನು ಸೇರಿ ಅಲ್ಲಿಯೇ ನೆಲಸುತ್ತವೆ. ಅವು ಕ್ಯಾನ್ಸರಿಗೆ ಕಾರಣವೆಂಬುದು ವಿಜ್ಞಾನ ನಿಸ್ಸಂದೇಹವಾಗಿ ಒಪ್ಪಿರುವ ಸಂಗತಿ. ರೋಗ ತಲೆದೋರಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳೂ ಹಿಡಿಯಬಹುದು. 1995ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಆಸ್ಬೆಸ್ಟಾಸ್ ಕಾರ್ಮಿಕರನ್ನು ಕುರಿತ ತೀರ್ಪಿನಲ್ಲಿ, ಆರೋಗ್ಯದ ರಕ್ಷಣೆ ಬದುಕುವ ಹಕ್ಕಿನ ಭಾಗವೇ ಎಂದು ಸಾರಿತು. ಅದು ದೊಡ್ಡ ಕಾರ್ಖಾನೆಗಳ ಮಾತಾಯಿತು. ರಸ್ತೆಬದಿಯ ಗ್ಯಾರೇಜಿಗೆ ಆ ತೀರ್ಪಿನ ದನಿ ಎಷ್ಟು ಮುಟ್ಟಿದೆ? ಡ್ರಮ್ಮನ್ನು ನೆಲಕ್ಕೆ ಕುಟ್ಟಿ, ಬಾಯಿಂದ ಉಫ್ ಎಂದು ಊದುವ ಹುಡುಗನನ್ನು ನಾವು ದಿನವೂ ನೋಡುತ್ತೇವೆ. ಇಂದು ಊದಿದ ಉಸಿರಿನ ಲೆಕ್ಕವನ್ನು ಅವನು ಮಕ್ಕಳೊಂದಿಗನಾದ ಮೇಲೆ ತೆರಬೇಕಾಗಿ ಬಂದರೆ ಆ ಹೊತ್ತಿಗೆ ಆ ಬಂಡಿಯೂ ಇರುವುದಿಲ್ಲ, ಅದರ ಒಡೆಯನೂ ಇರುವುದಿಲ್ಲ.

ಹಳೆಯ ಲೈನರಿನಲ್ಲಿ ಏನಿದೆಯೆಂದು ನೋಟದಿಂದ ತಿಳಿಯದು. ಆದುದರಿಂದ ಎಲ್ಲವನ್ನೂ ಆಸ್ಬೆಸ್ಟಾಸ್ ಎಂದೇ ಭಾವಿಸಬೇಕು. ಬಾಯಿಂದ ಊದಬಾರದು, ಗಾಳಿಯ ಪಂಪು ಹಿಡಿಯಬಾರದು, ಒಣ ಕುಂಚದಿಂದ ಗುಡಿಸಬಾರದು. ಸೋಪಿನ ನೀರನ್ನು ಮೆಲ್ಲಗೆ ಚಿಮುಕಿಸಿ, ಪುಡಿ ನೆನೆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಇದಕ್ಕೆ ಸಾಲದು. ಸೂಕ್ಷ್ಮ ಕಣಗಳನ್ನು ತಡೆಯುವ ಮಾಸ್ಕೇ ಬೇಕು. ಮಕ್ಕಳು ಆ ಹೊತ್ತಿನಲ್ಲಿ ಅಂಗಳಕ್ಕೆ ಬಾರದಿರಲಿ. ಕೆಲಸದ ಬಟ್ಟೆ ಮನೆಯವರ ಬಟ್ಟೆಯೊಡನೆ ಬೆರೆಯದಿರಲಿ. ಹೊಸ ಲೈನರು ಕೊಳ್ಳುವಾಗ ಆಸ್ಬೆಸ್ಟಾಸ್ ಇಲ್ಲದ್ದನ್ನೇ ಕೇಳಿ ಕೊಳ್ಳಬೇಕು.

ಜೋಡಿಸಿದ ಬಳಿಕ ಗಾಲಿ ಸರಾಗವಾಗಿ ತಿರುಗಬೇಕು. ಪೆಡಲು ಸ್ವಲ್ಪ ಇಳಿದೊಡನೆ ಹಿಡಿಯಬೇಕು. ಹೊಸ ಲೈನರು ಡ್ರಮ್ಮಿಗೆ ಒಗ್ಗುವವರೆಗೆ ಅದರ ಹಿಡಿತ ಪೂರ್ತಿಯಾಗಿರುವುದಿಲ್ಲ. ಮಾಗಡಿ ರಸ್ತೆಯ ನೂಕುನುಗ್ಗಲಿಗೆ ಇಳಿಯುವ ಮೊದಲು ಮನೆಯ ಸುತ್ತಲಿನ ಅಡ್ಡರಸ್ತೆಗಳಲ್ಲಿ ನಿಧಾನವಾಗಿ ಓಡಿಸಿ, ಹತ್ತಾರು ಸಲ ಮೆಲ್ಲಗೆ ನಿಲ್ಲಿಸಿ ನೋಡಬೇಕು.

ಇಷ್ಟೆಲ್ಲ ಶ್ರಮವೇಕೆ, ಗ್ಯಾರೇಜಿಗೆ ಕೊಡಬಾರದೇ ಎಂದರೆ, ಅಗತ್ಯವಾಗಿ ಕೊಡಬಹುದು. ಕಾಯಕಕ್ಕೆ ಕೀಳುಮೇಲಿಲ್ಲವೆಂದು ಸಾರಿದ ಬಸವಣ್ಣನವರ ಹೆಸರನ್ನು ಬಡಾವಣೆಗೆ ಇಟ್ಟುಕೊಂಡಿರುವ ನಾವು ಕಾಯಕ ಮಾಡುವವನ ಉಸಿರಿಗೂ ಬೆಲೆ ಕೊಡಬೇಕಷ್ಟೆ. ಮನೆಯಲ್ಲಿ ಒಮ್ಮೆ ಈ ಕೆಲಸ ಮಾಡಿದವನಿಗೆ ಕೂಲಿಯ ಕೆಲವು ನೂರು ರೂಪಾಯಿ ಉಳಿಯುವುದು ದೊಡ್ಡ ಲಾಭವಲ್ಲ. ಮುಂದಿನ ಸಲ ಗ್ಯಾರೇಜಿನ ಮುಂದೆ ನಿಂತಾಗ, 'ಊದಬೇಡಪ್ಪ, ಸ್ವಲ್ಪ ನೀರು ಹಾಕಿ ಒರೆಸು. ಹೊತ್ತಾದರೆ ಚಿಂತೆಯಿಲ್ಲ, ನಾನು ಕಾಯುತ್ತೇನೆ' ಎಂದು ಹೇಳುವ ತಿಳಿವಳಿಕೆ ಅವನಿಗೆ ಬಂದಿರುತ್ತದೆ. ಆ ಒಂದು ಮಾತಿಗೆ ಖರ್ಚಿಲ್ಲ.