ಗೆಜ್ಜೆಯಿಂದ ತಾಳಕ್ಕೆ: ನರ್ತಕಿ ಗುರುವಾಗುವ ಹಾದಿ

(ಮುಂಬಯಿಯ ಕನ್ನಡ ಸಂಘವೊಂದರ ಮಹಿಳಾ ವಿಭಾಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನರ್ತಕಿಯೊಬ್ಬಳು ಶಿಕ್ಷಕಿಯಾಗುವುದನ್ನು ಕುರಿತು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಕಲೆಯ ದೈವಿಕತೆಯನ್ನು ಕುರಿತು ಹೇಳಬಲ್ಲ ವಿದ್ವಾಂಸರು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ ನಾನು ಅನ್ನದ ಮಾತನ್ನು ಆಡುತ್ತೇನೆ. ಭರತನಾಟ್ಯವನ್ನೇ ನೆಚ್ಚಿದ ಹೆಣ್ಣುಮಗಳು ವೇದಿಕೆಯಿಂದ ಪಾಠದ ಕೋಣೆಗೆ ಬಂದಾಗ ಅವಳ ಬೆನ್ನಿಗೆ ಯಾರಿರುತ್ತಾರೆ, ಯಾರಿರಬೇಕು ಎಂಬುದೇ ಇಂದಿನ ಪ್ರಶ್ನೆ.

ಹಿಂದೆ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಪಂದನಲ್ಲೂರು, ವಳುವೂರು, ತಿರುವಿಡೈಮರುದೂರು ಎಂದು ನಾವು ಇಂದು ಹೇಳುವ ಬಾನಿಗಳೆಲ್ಲ ತಮಿಳುನಾಡಿನ ಊರುಗಳ ಹೆಸರುಗಳು. ಆ ನಟ್ಟುವನಾರರ ಮನೆತನಗಳಲ್ಲಿ ತಾಳ ಹಿಡಿಯುವವರು, ಹಾಡುವವರು, ಮೃದಂಗ ನುಡಿಸುವವರು ಬಹುಮಟ್ಟಿಗೆ ಬಂಧುಗಳೇ ಆಗಿದ್ದರು. ವೃತ್ತಿಯ ಬಾಂಧವ್ಯ ರಕ್ತದ ಬಾಂಧವ್ಯದೊಡನೆ ಬೆರೆತುಹೋಗಿತ್ತು. 1945ರಲ್ಲಿ ನಮ್ಮ ಮಾತುಂಗದಲ್ಲಿ ಶ್ರೀ ರಾಜರಾಜೇಶ್ವರಿ ಭರತನಾಟ್ಯ ಕಲಾ ಮಂದಿರವನ್ನು ಕಟ್ಟಿದ ಗುರುಮನೆತನವೂ ಇಂತಹ ಪರಂಪರೆಯದೇ. ಅವರೂ ನಮ್ಮಂತೆ ಹೊರನಾಡಿಗೆ ಬಂದವರು. ಆದರೆ ವಿದ್ಯೆಯೊಂದಿಗೆ ಕುಟುಂಬದ ಬಲವನ್ನೂ ತಂದವರು.

1936ರಲ್ಲಿ ರುಕ್ಮಿಣಿದೇವಿಯವರು ಕಲಾಕ್ಷೇತ್ರವನ್ನು ಸ್ಥಾಪಿಸಿದ ಕಾಲದಿಂದ ಮಧ್ಯಮವರ್ಗದ ಮನೆಗಳ ಹೆಣ್ಣುಮಕ್ಕಳಿಗೆ ಈ ವಿದ್ಯೆಯ ಬಾಗಿಲು ಹೆಚ್ಚು ಹೆಚ್ಚಾಗಿ ತೆರೆಯಿತು. ಗುಮಾಸ್ತರ, ಮಾಸ್ತರರ ಮಕ್ಕಳು ಗೆಜ್ಜೆ ಕಟ್ಟಿದರು. ನಮಗೆ ವಿದ್ಯೆ ದೊರೆಯಿತು. ಆದರೆ ಆ ವಿದ್ಯೆಯಿಂದ ಬದುಕುವ ವ್ಯವಸ್ಥೆ ನಮಗೆ ಬಳುವಳಿಯಾಗಿ ಬರಲಿಲ್ಲ. ಅದನ್ನು ನಾವು ಕೈಯಾರೆ ಕಟ್ಟಿಕೊಳ್ಳಬೇಕಾಗಿದೆ.

ಈ ಮಾತಿಗೆ ನಮ್ಮ ನಾಡಿನಲ್ಲೇ ಒಂದು ಉಜ್ವಲ ನಿದರ್ಶನವಿದೆ. ಲಂಬಾಣಿ ಸಮುದಾಯದಲ್ಲಿ 1906ರಲ್ಲಿ ಜನಿಸಿದ ಡಾ. ಕೆ. ವೆಂಕಟಲಕ್ಷಮ್ಮನವರು ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ಮೈಸೂರು ಅರಮನೆಯ ಆಸ್ಥಾನ ವಿದುಷಿಯಾಗಿ ದಶಕಗಳ ಕಾಲ ನರ್ತಿಸಿದರು. ರಾಜಾಶ್ರಯದ ಕಾಲ ಮುಗಿಯಿತು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ, ಇತರರು ನಿವೃತ್ತಿಯನ್ನು ಎಣಿಸುವ ವಯಸ್ಸಿನಲ್ಲಿ, ಅವರು ಅಧ್ಯಾಪಕಿಯಾದರು. ಮೈಸೂರು ಶೈಲಿಯ ಅಭಿನಯ ಅರಮನೆಯೊಡನೆ ಮರೆಯಾಗದೆ ಉಳಿದುದರಲ್ಲಿ ಆ ಪಾಠದ ಪಾಲು ದೊಡ್ಡದು. ಪ್ರತಿಭೆ ಅವರದು. ಆದರೆ ಅದಕ್ಕೊಂದು ಕೊಠಡಿ, ಸಂಬಳ ಮತ್ತು ಶಿಷ್ಯವೃಂದವನ್ನು ಒದಗಿಸಿದ್ದು ಒಂದು ಸಂಸ್ಥೆ ಎಂಬುದನ್ನು ನಾವು ಮರೆಯಬಾರದು.

ನನಗೆ ಅರಮನೆಯೂ ಇರಲಿಲ್ಲ, ವಿಶ್ವವಿದ್ಯಾಲಯವೂ ಇರಲಿಲ್ಲ. ಮೈಸೂರಿನಿಂದ ಮದುವೆಯಾಗಿ ಮುಂಬಯಿಗೆ ಬಂದವಳು ನಾನು. ಮೂವತ್ತೆಂಟನೆಯ ವಯಸ್ಸಿನಲ್ಲಿ ಮೊಣಕಾಲು ಅರೆಮಂಡಿಯನ್ನು ಒಲ್ಲೆನೆಂದಾಗ, ಡೊಂಬಿವಲಿಯ ಕಟ್ಟಡವೊಂದರ ಸೊಸೈಟಿ ಹಾಲಿನಲ್ಲಿ ಏಳು ಮಕ್ಕಳೊಡನೆ ಪಾಠ ಆರಂಭಿಸಿದೆ. ವೇದಿಕೆಯ ಮೇಲೆ ಹದಿನಾರು ವರ್ಷ ಗಳಿಸಿದ ಪರಿಚಯಗಳು, ಅಂದರೆ ಸಭಾ ಕಾರ್ಯದರ್ಶಿಗಳು ಮತ್ತು ಪತ್ರಿಕಾ ವಿಮರ್ಶಕರು, ಇಲ್ಲಿ ಹೆಚ್ಚು ಕೆಲಸಕ್ಕೆ ಬಾರವೆಂಬುದು ಕೆಲವೇ ತಿಂಗಳಲ್ಲಿ ತಿಳಿಯಿತು. ಶಿಕ್ಷಕಿಗೆ ಬೇಕಾದ ಬಂಧುಬಳಗವೇ ಬೇರೆ.

ಮೊದಲನೆಯದಾಗಿ, ನಟುವಾಂಗ. ಚೆನ್ನಾಗಿ ಕುಣಿಯಬಲ್ಲವಳು ಚೆನ್ನಾಗಿ ತಾಳ ಹಿಡಿಯಬಲ್ಲಳೆಂಬುದು ತಪ್ಪು ಕಲ್ಪನೆ. ಕೈ ತಾಳದಲ್ಲಿರಬೇಕು, ಬಾಯಿ ಸೊಲ್ಲುಕಟ್ಟಿನಲ್ಲಿರಬೇಕು, ಕಣ್ಣು ಮಗುವಿನ ಪಾದದಲ್ಲಿರಬೇಕು. ಇದೊಂದು ಪ್ರತ್ಯೇಕ ವಿದ್ಯೆ. ಹಿರಿಯ ಶಿಕ್ಷಕಿಯೊಬ್ಬರ ತರಗತಿಯಲ್ಲಿ ವಾರಕ್ಕೆರಡು ದಿನದಂತೆ ಒಂದು ವರ್ಷ ಕುಳಿತು ನಾನು ಇದನ್ನು ಕಲಿತೆ. ಪ್ರತಿಯಾಗಿ ಅವರ ಕಿರಿಯ ಮಕ್ಕಳಿಗೆ ಅಡವು ತಿದ್ದಿದೆ. ಹಣದ ಮಾತೇ ಬರಲಿಲ್ಲ. ವೃತ್ತಿ ಸಂಪರ್ಕವೆಂಬುದು ವಿಳಾಸಗಳ ಪಟ್ಟಿಯಲ್ಲ, ಇಂತಹ ಕೊಡುಕೊಳ್ಳುವಿಕೆ.

ಎರಡನೆಯದು ಪಕ್ಕವಾದ್ಯದವರು. ರಂಗಪ್ರವೇಶವೆಂದರೆ ಸಾಧಾರಣ ಸಂಬಳದ ಮನೆಗೆ ಮದುವೆಯಷ್ಟೇ ಭಾರ. ಗಾಯಕಿ, ಮೃದಂಗ, ಕೊಳಲು, ಸಭಾಂಗಣ, ಉಡುಪು, ಪ್ರಸಾಧನ ಎಂದು ಖರ್ಚು ಬೆಳೆಯುತ್ತದೆ. ನಾವು ಮೂವರು ಶಿಕ್ಷಕಿಯರು ಸೇರಿ ವರ್ಷಕ್ಕೊಂದು ಕಾರ್ಯಕ್ರಮವನ್ನು ಒಂದೇ ಹಿಮ್ಮೇಳದಲ್ಲಿ ನಡೆಸುವ ಕ್ರಮ ಮಾಡಿಕೊಂಡೆವು. ಮಕ್ಕಳಿಗೆ ಸಜೀವ ಸಂಗೀತ ದೊರೆಯಿತು, ವಾದ್ಯದವರಿಗೆ ನಿಶ್ಚಿತ ಸಂಭಾವನೆ ದೊರೆಯಿತು.

ಮೂರನೆಯದು, ಬಹುಶಃ ಅತ್ಯಂತ ಕಠಿಣವಾದುದು, ಅಕ್ಕಪಕ್ಕದ ಶಿಕ್ಷಕಿಯರೊಡನೆ ಸೌಹಾರ್ದ. ಮುಂಬಯಿಯಲ್ಲಿ ಮನೆ ಬದಲಾಯಿಸದ ಕುಟುಂಬ ವಿರಳ. ಮಗು ಠಾಣೆಗೋ ವಾಶಿಗೋ ಹೋದಾಗ ಅದನ್ನು 'ಕಳೆದುಕೊಂಡೆ' ಎನ್ನಬೇಕೆ? ಈವರೆಗೆ ಕಲಿತ ಅಡವುಗಳನ್ನೂ ಐಟಂಗಳನ್ನೂ ಒಂದು ಕಾಗದದಲ್ಲಿ ಬರೆದು ಅಲ್ಲಿಯ ಶಿಕ್ಷಕಿಗೆ ಕಳುಹಿಸುವುದು ನನ್ನ ರೂಢಿ. ಈಗ ಅವರೂ ಹಾಗೆಯೇ ಮಾಡುತ್ತಾರೆ. ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಿಗೆ ಸಿದ್ಧಪಡಿಸುವಾಗಲೂ ನಾವು ಒಬ್ಬರ ಮಕ್ಕಳನ್ನು ಮತ್ತೊಬ್ಬರಿಂದ ಪರೀಕ್ಷಿಸಿಕೊಳ್ಳುತ್ತೇವೆ.

2020ರಲ್ಲಿ ಕೊರೊನಾದಿಂದ ಎಲ್ಲವೂ ಮುಚ್ಚಿದಾಗ ಈ ಬಳಗದ ಬೆಲೆ ತಿಳಿಯಿತು. ಮೊಬೈಲಿನಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ನಾನು ಹಿಡಿದ ತಾಳಕ್ಕೆ ಮಗುವಿನ ಹೆಜ್ಜೆ ಕೂಡುತ್ತಿರಲಿಲ್ಲ. ನಾವು ಸೊಲ್ಲುಕಟ್ಟುಗಳನ್ನು ಮುದ್ರಿಸಿ ಹಂಚಿಕೊಂಡೆವು. ಕಾರ್ಯಕ್ರಮಗಳಿಲ್ಲದೆ ಕೈ ಬರಿದಾದ ನಮ್ಮ ಮೃದಂಗದವರಿಗೆ ಪ್ರತಿ ತಿಂಗಳೂ ಮೂರೂ ಶಾಲೆಗಳಿಂದ ಒಂದಿಷ್ಟು ಹಣ ಹೋಯಿತು. ಯಾವ ಸರ್ಕಾರಿ ಅರ್ಜಿಯನ್ನೂ ನಾವು ತುಂಬಬೇಕಾಗಲಿಲ್ಲ.

ಇನ್ನು ಸಂಘಗಳ ಮಾತು. ಕಟುವೆನಿಸಿದರೆ ಕ್ಷಮಿಸಬೇಕು. ರಾಜ್ಯೋತ್ಸವಕ್ಕೆ ನೃತ್ಯ ಬೇಕೆಂದು ಕರೆಯುತ್ತಾರೆ. ಒಮ್ಮೆ ಒಂದು ಸಂಘದಲ್ಲಿ ಶಾಮಿಯಾನದವನಿಗೆ, ಮೈಕಿನವನಿಗೆ, ಊಟದವನಿಗೆ ಹಣ ಸಂದಿತು. ಹನ್ನೆರಡು ಮಕ್ಕಳನ್ನು ಆರು ವಾರ ತಯಾರು ಮಾಡಿದ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಂದವು. ಗೌರವ ದೊಡ್ಡದು, ನಿಜ. ಆದರೆ ನನ್ನ ಗಾಯಕಿಯ ರೈಲಿನ ಪಾಸು ಶಾಲಿನಿಂದ ಆಗುವುದಿಲ್ಲ.

ಸಂಘಗಳು ಮಾಡಬಹುದಾದುದು ಬಹಳವಿದೆ. ವಾರದ ದಿನಗಳಲ್ಲಿ ಬರಿದಾಗಿರುವ ಸಭಾಗೃಹವನ್ನು ಎರಡು ಗಂಟೆ ಪಾಠಕ್ಕೆ ಕೊಡಬಹುದು. ಕನ್ನಡ ಬಲ್ಲ ನೃತ್ಯ ಶಿಕ್ಷಕರು, ಗಾಯಕರು, ವಾದಕರ ಕೈಪಿಡಿಯೊಂದನ್ನು ಸಿದ್ಧಪಡಿಸಬಹುದು. ಕಾರ್ಯಕ್ರಮದ ಆಯವ್ಯಯದಲ್ಲಿ ಕಲಾವಿದರ ಸಂಭಾವನೆಯನ್ನು ಮೊದಲ ಸಾಲಿನಲ್ಲಿ ಬರೆಯಬಹುದು.

ಇದು ನಮ್ಮ ಹೊಟ್ಟೆಪಾಡಿನ ಪ್ರಶ್ನೆ ಮಾತ್ರವಲ್ಲ. ನನ್ನ ತರಗತಿಗೆ ಮರಾಠಿ, ಗುಜರಾತಿ, ತಮಿಳು ಮಕ್ಕಳೂ ಬರುತ್ತಾರೆ. ಅಜ್ಜಿಯೊಡನೆ ಮಾತ್ರ ಕನ್ನಡವಾಡುವ ನಮ್ಮ ಮಕ್ಕಳೂ ಬರುತ್ತಾರೆ. ಪುರಂದರದಾಸರ ದೇವರನಾಮವೊಂದಕ್ಕೆ ಅಭಿನಯಿಸಬೇಕಾದರೆ ಪ್ರತಿ ಪದದ ಅರ್ಥ ತಿಳಿಯಲೇಬೇಕು. ಪರೀಕ್ಷೆಯ ಅಂಕಕ್ಕಾಗಿ ಕನ್ನಡ ಕಲಿಯದ ಮಗು ಕೃಷ್ಣನ ತುಂಟತನಕ್ಕಾಗಿ ಕಲಿಯುತ್ತದೆ. ಅಂತಹ ಪಾಠದ ಕೋಣೆಯೊಂದು ಬಾಡಿಗೆ ಕಟ್ಟಲಾಗದೆ ಮುಚ್ಚಿದರೆ ನಷ್ಟ ನರ್ತಕಿಯೊಬ್ಬಳದಲ್ಲ, ಹೊರನಾಡ ಕನ್ನಡದ್ದು. ಈ ಸಭೆಯಲ್ಲಿರುವ ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.