ಬಿಳೇಕಹಳ್ಳಿಯ ಬಾಡಿಗೆ ಮನೆ: ಅಡ್ವಾನ್ಸಿನ ಲೆಕ್ಕ

ಬೆಂಗಳೂರಿನ ಬಾಡಿಗೆ ಮನೆಗೆ ಎರಡು ಬೆಲೆ. ಒಂದು ತಿಂಗಳು ತಿಂಗಳು ಕೊಡುವುದು. ಇನ್ನೊಂದು ಬೀಗದ ಕೈ ಪಡೆಯುವ ಮೊದಲೇ ಹೊಂದಿಸಬೇಕಾದ ಅಡ್ವಾನ್ಸ್. ಬಾಡಿಗೆಯ ಏರಿಕೆಯ ಬಗ್ಗೆ ಚರ್ಚೆ ಬೇಕಾದಷ್ಟು ನಡೆಯುತ್ತದೆ. ಕಡಿಮೆ ಸಂಬಳದ ಕುಟುಂಬವನ್ನು ಬಾಗಿಲಲ್ಲೇ ತಡೆಯುವುದು ಮಾತ್ರ ಈ ಎರಡನೆಯದು.

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ಇದು ಎದ್ದು ಕಾಣುತ್ತದೆ. 1973ರಲ್ಲಿ ಆರಂಭವಾದ ಐಐಎಂ ಮುಂದೆ ಇಲ್ಲಿನ ಕಲ್ಲುಕಟ್ಟಡಗಳಿಗೆ ಬಂದಾಗ ಬಿಳೇಕಹಳ್ಳಿ ನಗರದ ಹೊರಗಿನ ಹಳ್ಳಿಯಾಗಿತ್ತು. ಅದು ಸೇರಿದ್ದ ಬೊಮ್ಮನಹಳ್ಳಿ ನಗರಸಭೆಯ ಪ್ರದೇಶ 2007ರಲ್ಲಿ ಬಿಬಿಎಂಪಿಗೆ ಸೇರಿತು. ಇಂದು ಮುಖ್ಯರಸ್ತೆಯಲ್ಲಿ ಅಪಾರ್ಟ್‌ಮೆಂಟುಗಳಿವೆ, ಪಕ್ಕದಲ್ಲಿ ವಿಜಯಾ ಬ್ಯಾಂಕ್ ಬಡಾವಣೆಯಿದೆ. ಹಳೆಯ ಊರಿನ ಗಲ್ಲಿಗಳಲ್ಲಿ ಸಣ್ಣ ಸೈಟಿನ ಮೇಲೆ ಮೂರ್ನಾಲ್ಕು ಅಂತಸ್ತು ಎದ್ದು, ಒಂದೊಂದು ಅಂತಸ್ತಿನಲ್ಲೂ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರಗಳಿವೆ. ಆಸ್ಪತ್ರೆಯ ವಾರ್ಡಿನಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಹೊಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ದುಡಿಯುವವರಿಗೆ ಆಸರೆ ಇಂಥ ಬಿಡಾರಗಳೇ.

ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಈಚೆಗೆ ಐದಾರು ತಿಂಗಳಿಗೆ ಒಪ್ಪುವವರೂ ಉಂಟು. ಬಾಡಿಗೆ 15,000 ರೂಪಾಯಿ ಎಂದಿಟ್ಟುಕೊಂಡರೆ ಹತ್ತು ತಿಂಗಳ ಅಡ್ವಾನ್ಸ್ 1,50,000, ಮೊದಲ ತಿಂಗಳ ಬಾಡಿಗೆ 15,000, ಬ್ರೋಕರ್‌ಗೆ ಇನ್ನೊಂದು 15,000: ಒಟ್ಟು 1,80,000 ರೂಪಾಯಿ ಒಂದೇ ಸಲಕ್ಕೆ ಬೇಕು. ಬ್ಯಾಂಕಿನಲ್ಲಿದ್ದರೆ ಶೇ. 6ರಂತೆ ಅಡ್ವಾನ್ಸಿನ ಹಣ ತಿಂಗಳಿಗೆ 750 ರೂಪಾಯಿ ಬಡ್ಡಿ ತರುತ್ತಿತ್ತು. ಒಡವೆ ಅಡವಿಟ್ಟು ಶೇ. 12ಕ್ಕೆ ತಂದದ್ದಾದರೆ ತಿಂಗಳಿಗೆ 1,500 ಬಡ್ಡಿ ಕಟ್ಟಬೇಕು. ಮನೆ ಬಿಡುವಾಗ ಸುಣ್ಣ-ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ವಾಡಿಕೆ. ಕರಾರಿನ ಹನ್ನೊಂದು ತಿಂಗಳು ಮುಗಿದೊಡನೆ ಮನೆ ಬದಲಿಸುವ ಕುಟುಂಬಕ್ಕೆ ಬಣ್ಣ ಮತ್ತು ಬ್ರೋಕರ್ ಖರ್ಚು ತಿಂಗಳಿಗೆ ಸುಮಾರು 2,700 ಬೀಳುತ್ತದೆ. ಒಡವೆಯ ಬಡ್ಡಿಯೂ ಸೇರಿದರೆ 15,000ದ ಮನೆ 19,000 ದಾಟುತ್ತದೆ. ಮೂರು ವರ್ಷ ನಿಂತವರಿಗೆ ಈ ಹೊರೆ ಬಹಳ ಇಳಿಯುತ್ತದೆ. ಕೆಲಸ ಬದಲಾದಂತೆಲ್ಲ ಮನೆ ಬದಲಿಸಬೇಕಾದವರೇ ಹೆಚ್ಚು ತೆರುತ್ತಾರೆ. ಈ ಪದ್ಧತಿಯ ದೊಡ್ಡ ಅನ್ಯಾಯ ಇದು.

ಮಾಲೀಕರನ್ನೆಲ್ಲ ದುರಾಸೆಯವರೆನ್ನುವುದು ಸರಿಯಲ್ಲ. ಸಾಲ ಮಾಡಿ ಮಹಡಿ ಎಬ್ಬಿಸಿದ ಸಣ್ಣ ಮಾಲೀಕರು ಬಂದ ಅಡ್ವಾನ್ಸನ್ನು ಕಟ್ಟಡಕ್ಕೋ ಮಗಳ ಮದುವೆಗೋ ಹಾಕಿರುತ್ತಾರೆ. ಹೊಸ ಬಾಡಿಗೆದಾರ ಬಂದಾಗಲೇ ಹಳಬರ ಹಣ ಹಿಂದಿರುಗುವುದು. ಹೀಗಾಗಿ ಬಿಟ್ಟುಹೋಗುವವರು ಮುಂದಿನ ಮನೆಯ ಅಡ್ವಾನ್ಸಿಗೆ ಮತ್ತೆ ಸಾಲ ಹುಡುಕುತ್ತಾರೆ.

ಬಾಡಿಗೆ, ಅಡ್ವಾನ್ಸುಗಳ ಜೊತೆಗೆ ಮನೆಯ ಖರ್ಚಿನಲ್ಲಿ ನೀರಿನ ಪಾಲೂ ಇದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರ ಟ್ಯಾಂಕರ್ ನೀರಿಗೆ ಮುಗಿಬಿದ್ದಾಗ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿಪಡಿಸಬೇಕಾಯಿತು. ವಿದ್ಯುತ್ತಿನ ವಿಷಯದಲ್ಲಿ 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆ ಬಾಡಿಗೆದಾರರನ್ನೂ ಒಳಗೊಂಡದ್ದು ನಿಜವಾದ ನೆರವು.

ಬಾಡಿಗೆದಾರರಿಗಿರುವ ಕಾನೂನಿನ ರಕ್ಷಣೆ ತೆಳುವಾಗಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಆ ಮಿತಿಯೊಳಗೆ ಬಿಳೇಕಹಳ್ಳಿಯಲ್ಲಿ ಮನೆ ಸಿಗುವುದು ದುರ್ಲಭ. ಉಳಿದ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ ಕರಾರು ಪತ್ರವೂ ಆಧಾರ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕಾದ್ದರಿಂದ ಕರಾರು ಹನ್ನೊಂದು ತಿಂಗಳಿಗೇ ನಿಲ್ಲುತ್ತದೆ, ಬಾಡಿಗೆ ಏರಿಸುವ ಮಾತೂ ಅಷ್ಟು ಬೇಗ ಬರುತ್ತದೆ.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳಿಗೆ ಮಿತಿಗೊಳಿಸುತ್ತದೆ. ಮನೆ ತೆರವಾದಾಗಲೇ ಕಡಿತ ಕಳೆದು ಹಣ ಹಿಂದಿರುಗಿಸಬೇಕು ಎನ್ನುತ್ತದೆ. ರಾಜ್ಯ ತನ್ನದೇ ಕಾನೂನು ಮಾಡದೆ ಅದು ಜಾರಿಯಾಗದು. ಜಾರಿಯಾದರೆ ಮೇಲಿನ ಉದಾಹರಣೆಯ ಕುಟುಂಬ 1,80,000ದ ಬದಲು 60,000 ರೂಪಾಯಿ ಹೊಂದಿಸಿದರೆ ಸಾಕು. ಆದರೆ ಹಳೆಯ ಬಾಡಿಗೆದಾರರ ಹಣ ಮರಳಿಸಲು ಸಣ್ಣ ಮಾಲೀಕರಿಗೆ ಎರಡು-ಮೂರು ವರ್ಷಗಳ ಅವಕಾಶವನ್ನೋ ಕಡಿಮೆ ಬಡ್ಡಿಯ ಸಾಲವನ್ನೋ ಅದರ ಜೊತೆಗೇ ಕೊಡಬೇಕಾಗುತ್ತದೆ.